ಅಪ್ಪನ ರೊಟ್ಟಿಯ ಸದ್ದು

ಆಗ ನಾವು ಪುಣೆಯ ಹೊರಗೆ ಚಾಕಣದಲ್ಲಿ, ಒಂದೇ ಕೋಣೆಯ ಮನೆಯಲ್ಲಿದ್ದೆವು. ಬೆಳಗಿನ ಹೊತ್ತು ಅಪ್ಪ ನನ್ನ ಜೊತೆ ಇದ್ದ ಕೊನೆಯ ದಿನವೂ ಬೇರೆ ದಿನಗಳಂತೆಯೇ ಇತ್ತು. ಹೊರಗೆ ಮಳೆ. ಒಳಗೆ ಸೀಮೆಎಣ್ಣೆ ಸ್ಟೋವಿನ ವಾಸನೆ, ಹಂಚಿನ ಮೇಲೆ ಉಬ್ಬುವ ಜೋಳದ ರೊಟ್ಟಿ. ಅವ್ವ ನಸುಕಿನಲ್ಲೇ ಒಂದು ಕ್ಯಾಂಟೀನಿನ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನದು ಕಾರ್ಖಾನೆಯಲ್ಲಿ ಎರಡನೇ ಪಾಳಿ, ಹಾಗಾಗಿ ರೊಟ್ಟಿ ಬಡಿಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಊರ ಕಡೆಯವರು ಬಂದು ನಕ್ಕರೆ, "ನನಗೂ ಕೈ ಅದಾವಲ್ರೀ," ಎನ್ನುತ್ತಿದ್ದ.

ನನ್ನ ಮರಾಠಿ ಶಾಲೆ ಶುರುವಾಗುತ್ತಿದ್ದುದು ಮಧ್ಯಾಹ್ನ. ಅಪ್ಪನಿಗೆ ಮರಾಠಿ ಮಾತು ಚೆನ್ನಾಗಿ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಪ್ರಬಂಧ ಬರೆಯುವಾಗ ನಾನು ಅವನ ಎದುರಿಗೆ ಕೂತು ಒಂದೊಂದೇ ವಾಕ್ಯವನ್ನು ಜೋರಾಗಿ ಓದುತ್ತಿದ್ದೆ. ಅವನು ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದ. ಹಿಡಿಸಿದರೆ ಸದ್ದು ಸಾಗುತ್ತಿತ್ತು, ಹಿಡಿಸದಿದ್ದರೆ ಕೈ ನಿಲ್ಲುತ್ತಿತ್ತು. ಅವನು ಮಾಡುತ್ತಿದ್ದ ಸಹಾಯ ಅಷ್ಟೇ.

ಚೆನ್ನಾಗಿ ಬರೆದವರ ಪ್ರಬಂಧವನ್ನು ನಮ್ಮ ಬಾಯಿ, ಅಂದರೆ ಟೀಚರು, ಇಡೀ ತರಗತಿಗೆ ಓದಿ ಹೇಳುತ್ತಿದ್ದರು. ಪ್ರತಿ ಸಲವೂ ಪಕ್ಕದ ಮನೆಯ ಶೀತಲಳದೇ. ಅದನ್ನು ಬರೆದುಕೊಡುತ್ತಿದ್ದವರು ಅವಳ ತಾಯಿ. ಒಮ್ಮೆಯಾದರೂ ನನ್ನದು ಆಗಬೇಕೆಂದು ನನಗೆ ಆಸೆ. ಈ ಸಲದ ವಿಷಯ ಮಳೆಗಾಲ. ನಾನು ಗೈಡಿನಿಂದ ಎತ್ತಿಕೊಂಡ ವಾಕ್ಯ ಓದಿದೆ: ಮೋಡ ಕಂಡು ನವಿಲುಗಳು ಕುಣಿಯುತ್ತವೆ.

ಸದ್ದು ನಿಂತಿತು.

"ನವಿಲ ಎಲ್ಲಿ ನೋಡಿದಿ?"

"ನೋಡಿಲ್ಲ."

"ಹಂಗಾರ ನೋಡಿದ್ದೇನದ?"

ನನಗೆ ಸಿಟ್ಟು ಬಂತು. ಶೀತಲಳ ಅವ್ವನ ಹಾಗೆ ನೀನೂ ಹೇಳಿಕೊಡು ಎಂದೆ. ಅಪ್ಪ ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡ.

"ನಾ ಹೇಳಿದ್ರ ಅದು ನಂದಾಗ್ತದ ಯವ್ವಾ. ನಿಂದು ನನಗ ಕೇಳಬೇಕಾಗ್ಯದ."

ಆಮೇಲೆ, ನಾಳೆಯಿಂದ ತನಗೆ ಮೊದಲ ಪಾಳಿ, ಬೆಳಿಗ್ಗೆ ನಾನೊಬ್ಬಳೇ ಇರಬೇಕು ಎಂದ. ನಾನು ನವಿಲನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಿದೆ.

ಮರುದಿನ ಡಬ್ಬಿಯಲ್ಲಿ ರೊಟ್ಟಿ ಇತ್ತು, ಅಪ್ಪ ಇರಲಿಲ್ಲ. ಬರೆದದ್ದನ್ನು ಖಾಲಿ ಅಡುಗೆ ಮೂಲೆಗೆ ಓದಿದೆ. ನವಿಲಿನ ಹತ್ತಿರ ಬಂದಾಗ ನಾನಾಗಿಯೇ ನಿಂತೆ. ಅದನ್ನು ಹೊಡೆದುಹಾಕಿ, ಅಪ್ಪನ ಒದ್ದೆಯಾದ ಕಂಪನಿ ಬೂಟುಗಳನ್ನು ಸ್ಟೋವಿನ ಪಕ್ಕ ಒಣಗಿಸುವುದನ್ನು, ಆ ವಾಸನೆಗೆ ಅವ್ವ ಬಯ್ಯುವುದನ್ನು ಬರೆದೆ.

ಆ ಸಲವೂ ತರಗತಿಯಲ್ಲಿ ಬಾಯಿ ಓದಿದ್ದು ಶೀತಲಳದೇ. ಅದರಲ್ಲಿ ನವಿಲುಗಳು ಚೆನ್ನಾಗಿ ಕುಣಿದವು.

ಸಂಜೆ ಅಪ್ಪ ಬಂದವನೇ ನನ್ನ ಪ್ರಬಂಧ ಓದಿಸಿದ. ಆಗ ರೊಟ್ಟಿ ಬಡಿಯುತ್ತಿದ್ದವಳು ಅವ್ವ. ಅಪ್ಪ ಕೈಗೆ ಕೆಲಸವಿಲ್ಲದೆ, ಕೂತಲ್ಲೇ ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದ. ಕೊನೆಯವರೆಗೂ ನಿಲ್ಲಿಸಲಿಲ್ಲ.

"ಸಾಲಿ ಮುಖ ನೋಡದವನ ಬೂಟು ಸಾಲಿಗಿ ಹೋಗಿ ಬಂತು ನೋಡು," ಎಂದು ಅವ್ವನಿಗೆ ಹೇಳಿದ. ಅವ್ವ, ಅಲ್ಲೇ ಬಿಟ್ಟು ಬಂದಿದ್ದರೆ ಮನೆ ವಾಸನೆಯಾದರೂ ಹೋಗುತ್ತಿತ್ತು ಎಂದಳು.

ಅಪ್ಪ ಹೋದದ್ದು ಕಳೆದ ಮಳೆಗಾಲದಲ್ಲಿ. ಈಗ ನನ್ನ ಮಗಳು ಪ್ರಬಂಧ ಬರೆಯುವಾಗ ನಾನೂ ಎದುರಿಗೆ ಕೂತು ಏನಾದರೂ ಹೆಚ್ಚುತ್ತಿರುತ್ತೇನೆ. ಮೊದಲ ವಾಕ್ಯ ಹೇಳು ಎಂದು ಪೀಡಿಸುತ್ತಾಳೆ. ಹೇಳುವುದಿಲ್ಲ. ಚಪಾತಿಗೆ ಸದ್ದಿಲ್ಲ, ಜೋಳದ ರೊಟ್ಟಿ ನನಗೆ ಬರುವುದಿಲ್ಲ.

ಇದನ್ನು ಬರೆದು ಮುಗಿಸಿ ಅಭ್ಯಾಸದಂತೆ ಜೋರಾಗಿ ಓದಿದೆ. ಎದುರಿಗೆ ಅಪ್ಪ ಇಲ್ಲ.