ಕುಂಡದಲ್ಲಿ ಕವಳಿ

ನೀರು ಹಾಕಿ ಒಂದು ಗಿಡವನ್ನು ಕೊಂದವನು ನಾನು. ನೀರು ಹಾಕದೆ ಕೊಂದವರು ಊರ ತುಂಬ ಇದ್ದಾರೆ. ಅವರಿಗೆ ಮರೆವು ಎಂಬ ನೆಪವಾದರೂ ಇದೆ. ನನಗೆ ಅದೂ ಇಲ್ಲ. ಮೂರು ವಾರ, ಮುಂಜಾನೆ ಸಂಜೆ, ಕೈ ಸುಮ್ಮನಿರದಿದ್ದರೆ ಮಧ್ಯಾಹ್ನವೂ, ತಂಬಿಗೆ ಹಿಡಿದು ನಿಂತು ಪ್ರೀತಿಯಿಂದಲೇ ಕೊಂದೆ.

ಗಿಡ ಕವಳಿಯದು. ನಮ್ಮ ಕಡೆಯವರಿಗೆ ಕವಳಿಯ ಪರಿಚಯ ಮಾಡಿಕೊಡುವುದೆಂದರೆ ಅವರ ಸೋದರಮಾವನನ್ನೇ ಅವರಿಗೆ ಪರಿಚಯಿಸಿದಂತೆ. ಆದರೂ ಆಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಇನ್ನೂ ನಾಲಿಗೆಯ ಮೇಲಿದೆ, ಹೇಳಿಬಿಡುತ್ತೇನೆ. ಆಳೆತ್ತರದ ಪೊದೆ. ಎಲೆಗಳು ಎದುರುಬದುರು, ದಪ್ಪ, ಎಣ್ಣೆ ಸವರಿದಂತಹ ಹೊಳಪು. ಮುರಿದರೆ ಬಿಳಿ ಹಾಲು. ಐದೆಸಳಿನ ಬಿಳಿ ಹೂವು, ಮಲ್ಲಿಗೆಯಂತೆಯೇ ಕಂಪು, ಆದರೂ ಯಾರೂ ಮುಡಿಯುವುದಿಲ್ಲ. ಕಾಯಿ ಮೊದಲು ಹಸಿರು, ಆಮೇಲೆ ಕೆಂಪು, ಹಣ್ಣಾದರೆ ಕಪ್ಪು. ಮುಳ್ಳು ಯಾವಾಗಲೂ ಜೋಡಿ. ವಾಸಸ್ಥಾನ: ಕೆಂಪು ಕಲ್ಲಿನ ಗುಡ್ಡ, ತೆಳುವಾದ ಮಣ್ಣು, ಬೇಕಾದಷ್ಟು ಬಿಸಿಲು. ಸಂಸ್ಕೃತದಲ್ಲಿ ಇದಕ್ಕೆ ಕರಮರ್ದ ಎನ್ನುತ್ತಾರಂತೆ. ಕೈಯನ್ನು ತಿಕ್ಕಿಹಾಕುವಂಥದ್ದು ಎಂದು ನಾನೇ ಅರ್ಥ ಮಾಡಿಕೊಂಡಿದ್ದೇನೆ. ಪಂಡಿತರು ಬೇರೆ ಅರ್ಥ ಹೇಳಬಹುದು. ಅವರು ಪೊದೆಯೊಳಗೆ ಕೈ ಹಾಕಿರಲಿಕ್ಕಿಲ್ಲ.

ನಾನು ಹಾಕಿದ್ದೆ. ಹದಿನಾಲ್ಕು ವರ್ಷದವರೆಗೆ ಉಣಕಲ್ ಗುಡ್ಡದಲ್ಲಿ ಆಡು ಕಾಯ್ದವನು ನಾನು. ಅಕ್ಷರ ಕಲಿತದ್ದು ಆಮೇಲೆ, ನನ್ನ ಮೊಣಕೈ ಎತ್ತರದ ಮಕ್ಕಳ ನಡುವೆ ಕೂತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗುವ ಹೊತ್ತಿಗೆ ನನ್ನ ಮೀಸೆ ಹಳತಾಗಿತ್ತು. ಮಾಸ್ತರಿಕೆ ಸಿಕ್ಕು ಬೆಂಗೇರಿಯಲ್ಲಿ ಮನೆ ಮಾಡಿದ ದಿನವೇ ನಿಶ್ಚಯಿಸಿದೆ, ಆಡಿನ ಸುದ್ದಿ ಇನ್ನು ಬಾಯಿ ಬಿಡಬಾರದು ಎಂದು. ಎಡಗೈ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಕವಳಿ ಮುಳ್ಳು ಎಳೆದ ಎರಡು ಗೆರೆಗಳಿದ್ದವು. ಅವುಗಳಿಗಾಗಿ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಬೆವರಿದೆ.

ಆಮೇಲೆ ಧಾರವಾಡದಲ್ಲಿ ಟ್ರೇನಿಂಗ್. ಅದರ ಕೊನೆಗೆ ಪರೀಕ್ಷಕರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಅದರಲ್ಲಿ ನಪಾಸಾದರೆ ಕೆಲಸಕ್ಕೇ ಸಂಚಕಾರ. ಟ್ರೇನಿಂಗ್ ಇಲ್ಲದವರನ್ನು ಬಿಡಿಸುವ ಮಾತು ಆಗ ಬಲವಾಗಿತ್ತು. ನನಗೆ ಬಂದ ವಿಷಯ ‘ನಮ್ಮ ಗುಡ್ಡದ ಒಂದು ಗಿಡ’, ನಾಲ್ಕನೆಯ ಇಯತ್ತೆಯ ಮಕ್ಕಳಿಗೆ. ಶಾಲೆ ಉಣಕಲ್ಲಿನದು. ಊರಿನ ಹೆಸರು ಓದಿ ಅಂಗಿ ತೋಳಿನ ಗುಂಡಿಯನ್ನು ಇನ್ನೊಮ್ಮೆ ಭದ್ರ ಮಾಡಿಕೊಂಡೆ.

ಪಾಠೋಪಕರಣ ಮೇಜಿನ ಮೇಲೆ ಇರಲೇಬೇಕು, ಚಿತ್ರಕ್ಕಿಂತ ವಸ್ತು ಮೇಲು ಎಂದು ನಮಗೆ ಕಲಿಸಿದ್ದರು. ಕಲಿಸಿದ್ದನ್ನು ನಾನು ಅಕ್ಷರಶಃ ನಂಬುವವನು. ತಡವಾಗಿ ಕಲಿತವರೆಲ್ಲ ಹೀಗೇ ಇರಬೇಕು. ಗುಡ್ಡಕ್ಕೆ ಹೋಗಿ ಒಂದು ಎಳೆಯ ಕವಳಿಯನ್ನು ಬೇರುಸಹಿತ ಅಗೆದು ತಂದೆ. ಕುಂಡಕ್ಕೆ ಕಪ್ಪು ಮಣ್ಣು, ತಿಪ್ಪೆಗೊಬ್ಬರ, ಮೇಲೆ ಚಾಪೆಯ ನೆರಳು. ಓದಲು ಕೂತರೆ ಗಿಡದ ಚಿಂತೆ, ಗಿಡದ ಮುಂದೆ ನಿಂತರೆ ಓದಿನ ಚಿಂತೆ. ಬೇರು ಹಿಡಿಯಿತೋ ಇಲ್ಲವೋ ಎಂದು ಎರಡು ಸಲ ಕೆದರಿಯೂ ನೋಡಿದೆ.

ನನ್ನ ಹೆಂಡತಿ ಶಾಂತಾ ಒಂದು ದಿನ ತಡೆಯಲಾರದೆ ಕೇಳಿದಳು: “ಅದೇನ್ ಕೂಸೇನ್ರಿ, ತಾಸಿಗೊಮ್ಮೆ ಎದ್ದು ನೋಡಾಕ? ಗುಡ್ಡದಾಗ ಅದಕ್ಕ ಯಾರ್ ನೀರ ಹಾಕ್ತಿದ್ರು?”

“ಪರೀಕ್ಷಾ ಐತಿ, ಶಾಂತಾ.”

“ಪರೀಕ್ಷಾ ನಿಮಗೈತಿ. ಗಿಡಕ್ಕಲ್ಲ.”

ಎರಡನೆಯ ವಾರ ಎಲೆ ಹಳದಿಯಾಯಿತು. ಬಾಯಾರಿರಬೇಕೆಂದು ಇನ್ನೂ ಒಂದು ತಂಬಿಗೆ ಹಾಕಿದೆ. ಪಾಠದ ಮುಂಜಾನೆ ಕುಂಡದಲ್ಲಿ ಉಳಿದದ್ದು ಒಂದು ಕಡ್ಡಿ ಮತ್ತು ಮುಳ್ಳು. ಬೇರೆ ಗಿಡ ತರಲು ಹೊತ್ತಿರಲಿಲ್ಲ. ಅದನ್ನೇ ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದು ಹೊರಟೆ. ದಾರಿಯ ಪ್ರತಿ ತಗ್ಗಿಗೂ ಅದು ಬೆನ್ನಿಗೆ ಚುಚ್ಚಿ, ತಾನಿನ್ನೂ ಕವಳಿಯೇ ಎಂದು ನೆನಪಿಸುತ್ತಿತ್ತು.

ಕುಂಡವನ್ನು ಮೇಜಿನ ಮೇಲಿಟ್ಟು, ‘ಹೊಳೆಯುವ ದಪ್ಪ ಎಲೆಗಳು’ ಎಂದು ನಾನೇ ಬರೆದಿದ್ದ ಗಿಡದ ನಕಾಶೆಯನ್ನು ಗೋಡೆಗೆ ತೂಗುಹಾಕಿದೆ. ಪರೀಕ್ಷಕರು ಕರಿ ಕೋಟು ತೊಟ್ಟ ತೆಳ್ಳನೆಯ ಮುದುಕರು. ಒಮ್ಮೆ ನಕಾಶೆ ನೋಡಿದರು, ಒಮ್ಮೆ ಕುಂಡ ನೋಡಿದರು.

“ಎಲಿ ಎಲ್ಲಿ ಹೋದುವ್ರಿ, ಮಾಸ್ತರ?”

“ಉದುರ್ಯಾವ್ರಿ.”

“ಹೂವು?”

“ಬಿಡಲಿಲ್ರಿ.”

ಮಕ್ಕಳು ಕಿಸಕ್ಕೆಂದರು. ನನ್ನ ಪಾಠದ ಟಿಪ್ಪಣಿಯಲ್ಲಿ ಮೊದಲ ಪ್ರಶ್ನೆ ‘ಇದು ಯಾವ ಗಿಡ?’ ಎಂದಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಕೇಳಿದೆ. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಕವಳಿ ರೀ ಸರ್ರ.”

“ಹ್ಯಾಂಗ್ ಗೊತ್ತಾತವಾ, ಎಲಿನೂ ಇಲ್ಲ, ಹೂವೂ ಇಲ್ಲ?” ಎಂದರು ಪರೀಕ್ಷಕರು.

ಅವಳು ತನ್ನ ಕೈ ಚಾಚಿ ತೋರಿಸಿದಳು. “ಮುಳ್ಳ ಎರಡೆರಡ ಅದಾವಲ್ರಿ. ಇಲ್ನೋಡ್ರಿ, ಜೋಡಿ ಗೀರು.” ಆಮೇಲೆ ನನ್ನ ಕಡೆ ತಿರುಗಿ, “ಕಿಡಕ್ಯಾಗ ನೋಡ್ರಿ ಸರ್ರ, ಗುಡ್ಡದ ತುಂಬ ಇದ ಐತಿ. ಕುಂಡದಾಗ ಯಾಕ್ ತಂದೀರಿ?” ಎಂದಳು.

ಕಿಟಕಿಯಾಚೆ ಗುಡ್ಡ ನಿಂತಿತ್ತು, ಹಸಿರು ಪೊದೆಗಳ ಸಮೇತ. ಗಿಡವನ್ನು ಅಲ್ಲಿಂದ ಬೆಂಗೇರಿಗೆ ಒಯ್ದು, ಕೊಂದು, ಮತ್ತೆ ಆ ಗುಡ್ಡದ ಬುಡಕ್ಕೇ ಹೊತ್ತು ತಂದಿದ್ದೆ. ಹುಡುಗಿ ಇನ್ನೂ ಕೂತಿರಲಿಲ್ಲ.

“ನೀವೂ ನಮ್ಮಪ್ಪನ ಸಂಗಾಟ ಆಡ ಕಾಯ್ತಿದ್ರಂತ. ನಿಮ್ಮ ಕೈ ಮ್ಯಾಲಿನ ಗೀರ ಎಲ್ಲಾರ್ಕಿಂತ ದೊಡ್ಡದಂತ. ನೀವ್ ಬರೋ ಸುದ್ದಿ ಕೇಳಿ ನಿನ್ನಿ ನಮ್ಮಪ್ಪ ಹೇಳ್ಯಾನ್ರಿ.”

ಪರೀಕ್ಷಕರ ಪೆನ್ನು ನಿಂತಿತು. “ಹೌದೇನ್ರಿ, ಮಾಸ್ತರ?”

ಅಲ್ಲ ಎನ್ನಬಹುದಿತ್ತು. ತೋಳಿನ ಗುಂಡಿ ಭದ್ರವಾಗಿತ್ತು. ಆದರೆ ಎಲೆ ಉದುರಿದ ಆ ಕಡ್ಡಿ ಎದುರಿಗೇ ಇತ್ತು. ಅದಕ್ಕೆ ಮುಚ್ಚಿಕೊಳ್ಳಲು ಏನೂ ಉಳಿದಿರಲಿಲ್ಲ, ಆದರೂ ಒಂದು ಮಗು ಅದರ ಗುರುತು ಹಿಡಿದಿತ್ತು. ಗುಂಡಿ ಬಿಚ್ಚಿ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದೆ.

ಆಮೇಲೆ ನಾನು ಪಾಠ ಮಾಡಲಿಲ್ಲ. ಮಕ್ಕಳು ಮೇಜಿನ ಸುತ್ತ ಬಂದು ಕೈಗಳನ್ನು ನನ್ನ ಕೈ ಪಕ್ಕಕ್ಕಿಟ್ಟು ಅಳೆದರು. ಯಾವ ಬಂಡೆಯ ಹಿಂದಿನ ಪೊದೆಯ ಹಣ್ಣು ಸಿಹಿ ಎಂದು ಜಗಳವಾಯಿತು. ಕಾಯಿಯ ಹಾಲು ತುಟಿಗೆ ಅಂಟಿದರೆ ಏನು ಮಾಡುತ್ತೀರೆಂದು ಪರೀಕ್ಷಕರೇ ಕೇಳಿದರು. “ಉಪ್ಪ ಹಚ್ಚಿ ತಿಂತೀವ್ರಿ” ಎಂದು ಇಡೀ ವರ್ಗ ಒದರಿತು. ಗಂಟೆ ಬಾರಿಸಿದಾಗ ನಕಾಶೆಯನ್ನು ಯಾರೂ ಓದಿರಲಿಲ್ಲ.

ಉಪಕರಣಕ್ಕೆ ಸೊನ್ನೆ ಬಂತು, ಅದು ನ್ಯಾಯವೇ. ಒಟ್ಟಿನಲ್ಲಿ ಪಾಸಾದೆ, ಅಂಚಿನಲ್ಲಿ. ಪರೀಕ್ಷಕರು ಹೊರಡುವಾಗ, “ಮುಂದ ಕುಂಡ ತರಬ್ಯಾಡ್ರಿ ಮಾಸ್ತರ. ಹುಡುಗರನ್ನ ಕಿಡಕಿ ಕಡೆ ಹೊಳ್ಳಿಸಿ ಕೂಡಸ್ರಿ” ಎಂದರು, ಅಷ್ಟೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಇವತ್ತು ರವಿವಾರ. ಶಾಲೆಯ ಟೈಪ್‌ರೈಟರನ್ನು ಕೇಳಿ ತಂದು, ಒಂದೇ ಬೆರಳಿನಿಂದ ಇದನ್ನು ಒತ್ತುತ್ತಿದ್ದೇನೆ. ಒಂದು ಸಾಲಿಗೆ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬರುತ್ತಿದ್ದೇನೆ. ಶಾಂತಾ ಕುರ್ಚಿಯನ್ನು ನೆರಳಿಗೆ ಎಳೆದು, ಮೇಲೆ ಮೆತ್ತೆ ಹಾಕಿ, ಮೂರನೆಯ ಸಲ ಚಹಾ ತಂದಿಟ್ಟಳು. “ಒಂದ್ ಕಡೆ ಕೂಡ್ರಿ ಅಂದ್ರ ಮುಗೀತೈತಿ.”

“ಶಾಂತಾ, ನನಗೂ ನೀರು ಜಾಸ್ತಿ ಆತು” ಎಂದೆ.

ಅವಳು ಅಂಗಳದ ಮೂಲೆಯ ಖಾಲಿ ಕುಂಡವನ್ನು ನೋಡಿದಳು, ನನ್ನನ್ನು ನೋಡಿದಳು, ಚಹಾವನ್ನು ತಾನೇ ಕುಡಿದಳು.

“ಹೋಗ್ಬರ್ರಿ ಗುಡ್ಡಕ್ಕ. ಬರೋಮುಂದ ಉಪ್ಪಿನಕಾಯಿಗೆ ಕವಳಿಕಾಯಿ ತರ್ರಿ.”

ಅಂಗಿಯ ತೋಳು ಮಡಚಿಕೊಂಡೇ ಹೊರಟಿದ್ದೇನೆ.