ಕ್ಯಾತಮ್ಮ ಹೊಡೆದುಹಾಕಿದ ಅಳತೆ

ಮಧುಗಿರಿಯ ಬೆಟ್ಟದ ಬುಡದ ಬೀದಿಯಲ್ಲಿ ಟೈಲರ್ ಕ್ಯಾತಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ, ಮಿಷನ್ನಿನ ಸದ್ದೇ ಕೈಹಿಡಿದು ಕರೆದೊಯ್ಯುತ್ತದೆ. ಮೂವತ್ತು ವರ್ಷದಿಂದ ಊರಿನ ಮಕ್ಕಳ ಯೂನಿಫಾರಂ ಹೊಲಿಯುತ್ತಿರುವವಳು. ಓದಿದ್ದು ಮೂರನೇ ಕ್ಲಾಸು. ಆದರೆ ಒಂದು ಪ್ಯಾಂಟು ಕೈಗೆ ಕೊಟ್ಟು ನೋಡಿ, ಹಾಕಿಕೊಂಡವನ ಜಾತಕವನ್ನೇ ಹೇಳುತ್ತಾಳೆ. ಮೊದಲೆಲ್ಲ ಪ್ಯಾಂಟುಗಳು ಮಂಡಿ ಹರಿದುಕೊಂಡು ಬರುತ್ತಿದ್ದವು. ಈಗ ಮಂಡಿ ಹೊಸದಾಗೇ ಇರುತ್ತದೆ, ಕುಂಡಿ ಸವೆದು ಕನ್ನಡಿಯಂತೆ ಫಳಫಳ! ಮೊದಲು ತಾಯಂದಿರು "ಉದ್ದ ಆಗ್ತಾನೆ, ಕೆಳಗೆ ಮಡಿಕೆ ಬುಡಕ್ಕ" ಅನ್ನುತ್ತಿದ್ದರು. ಈಗ "ಸೊಂಟಕ್ಕೆ ಎಲಾಸ್ಟಿಕ್ ಹಾಕ್ಬುಡಕ್ಕ" ಅನ್ನುತ್ತಾರೆ.

"ಹಾಕಾಕಿಲ್ಲ ಕಣಮ್ಮ. ಹುಕ್ಕಾದ್ರೆ ನಿಜ ಹೇಳ್ತದೆ. ಎಲಾಸ್ಟಿಕ್ಕು ಎಲ್ಲದಕ್ಕೂ ಹೂಂ ಅಂತದೆ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುವ ಹೆಂಗಸು.

ಇಂಥವಳು ಈ ಜೂನ್‌ನಲ್ಲಿ ತನ್ನ ಮನೆಯಲ್ಲೇ ಎಡವಿದಳು.

ಮೊಮ್ಮಗಳು ರಾಧಾಮಣಿಗೆ ಹತ್ತು ವರ್ಷ. ಅವಳಿಗೆ ಹೊಲಿದ ಸ್ಕರ್ಟು ಸೊಂಟಕ್ಕೆ ಬರಲಿಲ್ಲ. ಹುಕ್ಕು ಆ ಕಡೆ, ಕೊಂಡಿ ಈ ಕಡೆ, ನಡುವೆ ನಾಲ್ಕು ಬೆರಳು ಬಯಲು. ಕ್ಯಾತಮ್ಮ ಅಳತೆ ಪುಸ್ತಕ ತೆಗೆದಳು. ಸೊಂಟ ಮೂವತ್ತು ಎಂದು ಬರೆದು, ಹೊಡೆದುಹಾಕಿ, ಇಪ್ಪತ್ತಾರು ಎಂದು ತಿದ್ದಿತ್ತು.

"ಇದ್ಯಾರೇ ತಿದ್ದಿದ್ದು?"

"ನೀನೇಯಾ ಕಣಜ್ಜಿ! ನಮ್ ಕೂಸು ಮೂವತ್ತು ಹೆಂಗಾಯ್ತದೆ, ಟೇಪೇ ಸರಿಗಿಲ್ಲ ಅಂದೆ."

ಊರಿನ ಮಕ್ಕಳ ಸೊಂಟವೆಲ್ಲ ಕಂಡ ಕಣ್ಣಿಗೆ ಮನೆ ಮಗುವಿನದು ಕಾಣಲಿಲ್ಲವಲ್ಲ! ಮಗಳು ಮಂಜುಳಾ ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ಕತ್ತಲಿಗೆ. ಹೊಲಿಗೆಗೆ ಅಡ್ಡ ಬಾರದಿರಲಿ ಎಂದು ಮಗುವಿನ ಮುಂದೆ ಟೀವಿ ಹಾಕಿದವರು ಯಾರು? ಟೀವಿ ಬೇಜಾರಾದರೆ ಮೊಬೈಲು, ಮೊಬೈಲು ಬಿಸಿಯಾದರೆ ಮತ್ತೆ ಟೀವಿ, ಕೈಯಲ್ಲೊಂದು ಕುರುಕಲು ಪೊಟ್ಟಣ. "ನಮ್ ರಾಧಿ ಎಷ್ಟು ಒಳ್ಳೇದು, ಸದ್ದೇ ಇಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡವರು ಯಾರು? ಹತ್ತು ವರ್ಷದ ಮಗು ಸದ್ದಿಲ್ಲದೆ ಕೂತಿದೆ ಎಂದರೆ ಹೆದರಬೇಕು ಸ್ವಾಮಿ, ಹೊಗಳುವುದಲ್ಲ!

ಮಗುವನ್ನು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಹತ್ತಬೇಕಾದ್ದು ಎಂಟೇ ಮೆಟ್ಟಿಲು. ರಾಧಿ ನಾಲ್ಕನೆಯದರಲ್ಲಿ ಕೂತು ಏದುಸಿರು ಬಿಟ್ಟಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಕಾಯಿಲೆ ಇನ್ನೂ ಬಂದಿಲ್ಲ, ಆದ್ರೆ ಹೊರಟಿದೆ. ದಿನಾ ಒಂದು ಗಂಟೆ ಬೆವರು ಬರೋ ಹಂಗೆ ಆಡಿಸಿ. ಮಾತ್ರೆ ಏನೂ ಬೇಡ" ಎಂದರು.

ಮನೆಗೆ ಬಂದವಳೇ ಕ್ಯಾತಮ್ಮ ಟೀವಿಯ ವೈರು ಕಿತ್ತಳು. ರಾಧಿ ಕಪ್ಪು ಟೀವಿಯನ್ನೇ ನೋಡುತ್ತ ಕೂತಳು.

"ಬೀದೀಗೋಗಿ ಆಡ್ಕೋ ಹೋಗೇ."

"ಯಾರ ಜೊತೆ?"

ಕ್ಯಾತಮ್ಮ ಬಾಗಿಲಿಗೆ ಬಂದು ನೋಡಿದಳು. ಬೀದಿಯಲ್ಲಿ ಒಂದು ನಾಯಿ ಮಲಗಿತ್ತು. ಮಕ್ಕಳೆಲ್ಲ ಒಳಗೆ, ಒಂದೊಂದು ಮನೆಯಲ್ಲಿ ಒಂದೊಂದು ಟೀವಿ ಕಿರುಚುತ್ತಿತ್ತು. ಸರಿ, ಸ್ಕರ್ಟಾದರೂ ಸರಿಮಾಡೋಣ ಎಂದು ಟೇಪು ಹಿಡಿದು ಬಂದಳು. ಸೊಂಟಕ್ಕೆ ಸುತ್ತಿದ್ದೇ ತಡ, ರಾಧಿಗೆ ಕಚಗುಳಿಯಾಗಿ ಕಿಸಕ್ಕೆಂದಳು. ಇನ್ನೊಮ್ಮೆ ಸುತ್ತಿದರೆ ಟೇಪನ್ನೇ ಕಿತ್ತುಕೊಂಡು ಬೀದಿಗೆ ಹಾರಿದಳು.

"ಲೇ ರಾಧೀ, ನನ್ನ ಟೇಪು ಕಣೇ!"

ಐವತ್ತೆಂಟರ ಕ್ಯಾತಮ್ಮ ಸೀರೆ ಎತ್ತಿಕಟ್ಟಿ ಹಿಂದೆ ಬಿದ್ದಳು. ಬೀಡಾ ಅಂಗಡಿ ರೇಣುಕಯ್ಯ, "ಏನ್ ಕ್ಯಾತಕ್ಕ, ಕಳ್ಳರಾ?" ಎಂದು ಕೂಗಿದ.

"ನಮ್ಮನೇ ಕಳ್ಳಿ ಕಣಯ್ಯಾ, ಅಡ್ಡ ಹಾಕು!"

"ನೀನು ಓಡಾದು ನಿಲ್ಸಾಕೆ ನಾನೇನು ಹುಚ್ಚನಾ? ಹಿಂಗೆ ನೋಡಿ ಎಷ್ಟು ದಿನಾತು!"

ಒಂದು ಕಿಟಕಿಯಿಂದ ಒಂದು ಮುಖ ಬಂತು. ಆಮೇಲೆ ಆರು ಮುಖ. ಮುದುಕಿಯೊಬ್ಬಳು ಚಪ್ಪಲಿ ಒಂದು ಕಡೆ, ಜುಟ್ಟು ಒಂದು ಕಡೆಯಾಗಿ ಓಡುವುದು ಯಾವ ಚಾನೆಲ್ಲಿನಲ್ಲೂ ಬರುವುದಿಲ್ಲವಲ್ಲ! ಮಕ್ಕಳೆಲ್ಲ ಹೋ ಎಂದು ಹೊರಬಿದ್ದವು. ಅರ್ಧ ಅಜ್ಜಿಯ ಕಡೆ, ಅರ್ಧ ರಾಧಿಯ ಕಡೆ. ಟೇಪು ಕೈಯಿಂದ ಕೈಗೆ ಹಾರಿತು. ಎದ್ದ ನಾಯಿ ಯಾವ ಪಕ್ಷ ಸೇರಬೇಕೆಂದು ತಿಳಿಯದೆ ಎಲ್ಲರ ಹಿಂದೂ ಓಡಿತು. ಬೆಟ್ಟದ ಕೋಟೆಯ ಮೊದಲ ಬಾಗಿಲ ಹತ್ತಿರ ಕ್ಯಾತಮ್ಮನ ರವಿಕೆಯ ಹುಕ್ಕೊಂದು ಟಪ್ಪೆಂದಿತು. ಅವಳು ಸೆರಗು ಹೊದ್ದು ಅಲ್ಲೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ರಾಧಿಗೂ ಏದುಸಿರು, ಮೂರು ಸಲ ನಿಂತು ನಿಂತೇ ಬಂದಿದ್ದಳು. ಆದರೆ ಮುಖ ಕೆಂಪಗೆ, ಕತ್ತಿನ ತುಂಬ ಬೆವರು. ಟೇಪನ್ನು ಅಜ್ಜಿಯ ಸೊಂಟಕ್ಕೇ ಸುತ್ತಿ, "ನಲವತ್ತೆರಡು!" ಎಂದು ಕೂಗಿದಳು.

"ಮೆಲ್ಲಗೆ ಹೇಳೇ, ರೇಣುಕಯ್ಯ ಕೇಳಿಸ್ಕಂಡಾನು!"

ಮಾರನೆಯ ದಿನ ಸಂಜೆ ನಾಲ್ಕಕ್ಕೆ ರಾಧಿಯ ಹಿಂದೆ ಆರು ಮಕ್ಕಳು ಬಾಗಿಲಲ್ಲಿ ನಿಂತಿದ್ದವು. "ಅಜ್ಜೀ, ಬತ್ತೀಯಾ?"

ಮೇಜಿನ ಮೇಲೆ ಯೂನಿಫಾರಂ ರಾಶಿ. ಕ್ಯಾತಮ್ಮನ ಕಾಲು ಮಿಷನ್ನಿನ ಮೇಲೇ ಇತ್ತು. "ಮೊಬೈಲು ಅಲ್ಲೈತೆ, ಒಂದ್ ಗಳಿಗೆ..." ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡಳು. ಮಿಷನ್ನಿಗೆ ಬಟ್ಟೆ ಮುಚ್ಚಿದಳು.

ಹೊರಡುವಷ್ಟರಲ್ಲಿ ಹಿಂದಿನ ಬೀದಿಯ ಅನಸೂಯ ಎದುರಾದಳು. "ಕ್ಯಾತಕ್ಕ, ನನ್ ಮಗಳ ಬಟ್ಟೆ ಇವತ್ತು ಕೊಡ್ತೀನಿ ಅಂದಿದ್ಯಲ್ಲ?"

"ನಾಲ್ಕರಿಂದ ಐದು ಅಂಗಡಿ ಬಂದ್ ಕಣಮ್ಮ. ಇನ್ಮೇಲೆ ದಿನಾಲೂ."

"ಅಯ್ಯೋ! ಈಗ ಅವಳು ಏನು ಹಾಕ್ಕಂಡು ಹೋಗ್ಬೇಕು?"

"ಹಳೇದು ಹಾಕ್ಕಂಡು ಬರ್ಲಿ ಬುಡು. ಎಲ್ಲವ್ಳೆ? ಟೀವಿ ಮುಂದೇನಾ? ಕಳ್ಸು, ನಮ್ ಕಡೆ ಒಂದು ಆಳು ಕಮ್ಮಿ ಐತೆ!"

ಅನಸೂಯ ಬಾಯಿ ತೆರೆಯುವಷ್ಟರಲ್ಲಿ ರಾಧಿ ಓಡಿಬಂದು ಅಜ್ಜಿಯ ಬೆನ್ನಿಗೆ ಗುದ್ದಿ, "ಔಟ್!" ಎಂದು ಕಿರುಚಿ ಬೆಟ್ಟದ ಕಡೆಗೆ ಓಟ ಕಿತ್ತಳು.