ಆಪರೇಷನ್ ಬಾಗಿಲಿನವರೆಗಿನ ಮಾತು

ನಾರಿನ್ ಪಟ್ಟಣದ ಆಸ್ಪತ್ರೆಯ ಕಿಟಕಿಗಳಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಆಯಾ ಬುರುಲ್ಚಾ ಬಗ್ಗೆ ಬರೆಯಲು ನಾನು ಅವರ ಜೊತೆಗಿದ್ದೇನೆ. ಅವರು ಸ್ಟ್ರೆಚರ್ ತಳ್ಳಿಕೊಂಡು ಹೆಂಗಸರ ವಾರ್ಡಿಗೆ ಬಂದರೆ, ಕರೆದೊಯ್ಯಬೇಕಾದ ರೋಗಿ ಕೋಟು, ಬೂಟು ತೊಟ್ಟು ಮಂಚದ ತುದಿಯಲ್ಲಿ ಕೂತಿದ್ದಾಳೆ.

"ನಾನು ಮನೆಗೆ ಹೋಗ್ತೀನಿ ಅಕ್ಕ."

ಆಕೆ ಅಸೆಲ್ಕಾನ್, ಶಿಶುವಿಹಾರದ ಟೀಚರ್. ಕುತ್ತಿಗೆಯ ಗಡ್ಡೆ ಉಸಿರಿನ ಕೊಳವೆಯನ್ನು ಒತ್ತುತ್ತಿದೆ; ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಪಕ್ಕದ ಮಂಚದ ಸಾದತ್ ಅಜ್ಜಿ ಚಹಾ ಹೀರುತ್ತಾ ಸುಮ್ಮನೆ ಹೇಳಿದ್ದರು: "ನಮ್ಮ ನಾದಿನೀಗೂ ಕುತ್ತಿಗೇಲಿ ಆಪರೇಷನ್ ಆಗಿತ್ತು ಕಣಮ್ಮ. ಆಮೇಲೆ ದನೀನೇ ಬರ್ಲಿಲ್ಲ."

ಅದನ್ನು ಕೇಳಿಯೇ ಆಕೆ ಹೊರಟು ಕೂತಿದ್ದಾಳೆಂದು ತಿಳಿದು ಬುರುಲ್ಚಾ ಅಜ್ಜಿಯತ್ತ ತಿರುಗುತ್ತಾರೆ. "ಅಜ್ಜಿ, ನಿಮ್ಮ ನಾಲಿಗೆಗೂ ಒಂದು ಬೆಡ್ ಕೊಡಿಸ್ಲಾ? ಸ್ವಲ್ಪ ರೆಸ್ಟ್ ತಗೊಳ್ಳಲಿ."

"ನಡೆದಿದ್ದನ್ನೇ ಹೇಳ್ದೆ ಕಣೇ," ಎಂದು ಅಜ್ಜಿ ಗೊಣಗುತ್ತಾರೆ.

ರಸ್ತೆ ಕೆಲಸದಲ್ಲಿ ಗಂಡ ತೀರಿಕೊಂಡ ಮೇಲೆ ಬುರುಲ್ಚಾ ಈ ಆಸ್ಪತ್ರೆಯ ಆಯಾ ಆದರು. ನೆಲ ಒರೆಸುವುದು, ರೋಗಿಗಳನ್ನು ಆಪರೇಷನ್ ಕೋಣೆಗೆ ತಲುಪಿಸುವುದು ಅವರ ಕೆಲಸ. ಚಳಿಗಾಲದಲ್ಲಿ ಮಂಡಿ ಬಾತುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ನೋಯುವುದು ಜಪಾರ್ ಎಂಬ ಲಾರಿ ಚಾಲಕನ ನೆನಪು.

"ಆಪರೇಷನ್‌ಗೆ ಹೆದರ್ಕೊಂಡಿದ್ದ. ಶುಕ್ರವಾರ ಮನೇಲಿ ಊಟ ಮಾಡ್ತೀಯ, ಏಳಪ್ಪಾ ಅಂದ್ಬಿಟ್ಟೆ. ಅವನು ಹೆಂಡ್ತಿಗೆ ಹೇಳ್ದ. ಅವಳು ಕುರಿ ಕೊಯ್ಸಿ, ನೆಂಟರನ್ನ ಕರೆದಳು. ಅವನು ಹೆಣವಾಗಿ ಮನೆಗೆ ಹೋದ. 'ನೀವೇ ಹೇಳಿದ್ರಲ್ಲಾ' ಅಂದ್ಳು, ಅಷ್ಟೇ. ಬೈದಿದ್ರೆ ತಡ್ಕೊಳ್ತಿದ್ದೆ," ಎಂದು ಬುರುಲ್ಚಾ ಒಮ್ಮೆ ನನಗೆ ಹೇಳಿದ್ದರು.

ಅಂದಿನಿಂದ ಅವರು ಯಾರಿಗೂ ಭರವಸೆ ಕೊಡುವುದಿಲ್ಲ. ಆದರೆ ಏನೂ ಹೇಳದಿದ್ದರೆ ಅಸೆಲ್ಕಾನ್ ಬಸ್ಸು ಹತ್ತುತ್ತಾಳೆ.

ಬುರುಲ್ಚಾ ಸರ್ಜನ್ನರನ್ನೇ ಕರೆತರುತ್ತಾರೆ. "ನಿನ್ನ ಭಯ ನೀನೇ ಕೇಳಮ್ಮ. ನಾನು ಕೇಳಿದ್ರೆ ಅರ್ಧ ಬಿಟ್ಟುಹೋಗುತ್ತೆ."

ಅಸೆಲ್ಕಾನ್ ಕೇಳುತ್ತಾಳೆ. ಕೆಲವು ದಿನ ದನಿ ಒಡೆಯಬಹುದು, ಅಪರೂಪಕ್ಕೆ ಹಾಗೇ ಉಳಿಯಲೂಬಹುದು, ಆದರೆ ಗಡ್ಡೆಯನ್ನು ಹೀಗೇ ಬಿಟ್ಟರೆ ಉಸಿರಿಗೇ ಅಪಾಯ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆಕೆ ಬೂಟು ಬಿಚ್ಚುತ್ತಾಳೆ.

ಓಣಿಯುದ್ದಕ್ಕೂ ಸ್ಟ್ರೆಚರ್ ಉರುಳುತ್ತದೆ. "ನೀವು ಹೇಳಿ ಅಕ್ಕ, ನಾನು ವಾಪಸ್ ಬರ್ತೀನಾ?"

ಬುರುಲ್ಚಾ ಸ್ಟ್ರೆಚರ್ ನಿಲ್ಲಿಸುತ್ತಾರೆ. "ಅದು ನನ್ನ ಕೈಲಿಲ್ಲ ತಾಯಿ. ನೀನು ಕಣ್ಣು ಬಿಟ್ಟಾಗ ಪಕ್ಕದಲ್ಲಿರೋದು ನನ್ನ ಕೈಲಿದೆ."

ಆಪರೇಷನ್ ಕೋಣೆಯ ಬಾಗಿಲು ಮುಚ್ಚುತ್ತದೆ. ಬುರುಲ್ಚಾ ತಮ್ಮ ಪಾಳಿ ಮುಗಿದರೂ ಮನೆಗೆ ಹೋಗುವುದಿಲ್ಲ. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾರೆ. ಸಾದತ್ ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಾರೆ. "ಆ ಹುಡುಗಿಗೆ ಏನಾದ್ರೂ ಆದ್ರೆ, ನಾನು ಹೇಳಿದ್ದಕ್ಕೇ ಆಯ್ತು ಅನ್ಸುತ್ತಲ್ಲೇ." ಬುರುಲ್ಚಾ ಅಜ್ಜಿಯ ಕೈ ಹಿಡಿದುಕೊಳ್ಳುತ್ತಾರೆ.

ಮಧ್ಯಾಹ್ನ ಅಸೆಲ್ಕಾನ್ ಕಣ್ಣು ಬಿಡುತ್ತಾಳೆ. ತುಟಿ ಅಲುಗುತ್ತದೆ, ದನಿಯಿಲ್ಲ. ಬುರುಲ್ಚಾ ಬಾಗುತ್ತಾರೆ. ಎರಡನೇ ಸಲ, ಒಡಕು ದನಿಯಲ್ಲಿ, ಕೇಳಿಸುತ್ತದೆ: "ನೀರು."

ಹೊರಗೆ ಬಂದ ಬುರುಲ್ಚಾ ಕಣ್ಣೊರೆಸಿಕೊಂಡು ನನ್ನ ಪೆನ್ನಿನತ್ತ ನೋಡುತ್ತಾರೆ.

"ನಾನು ಉಳಿಸ್ದೆ ಅಂತ ಬರೀಬೇಡಿ. ಉಳಿಸಿದ್ದು ಡಾಕ್ಟರು. ಸುಳ್ಳು ಹೇಳ್ದೆ ಬಾಗಿಲವರೆಗೂ ಕರ್ಕೊಂಡು ಹೋದ್ಲು ಅಂತ ಬರೀರಿ. ಅದು ನಿಜ."